ಶೀನ ಮಾವನ ಇನ್ನೊಂದು ಹೆಬ್ಬೆರಳು

ಜೂನ್ ಹದಿನೇಳು. ಮಲ್ಪೆಯಲ್ಲಿ ಬೋಟುಗಳೆಲ್ಲ ದಡಕ್ಕೆ.
ತಗಡಿನ ಶೆಡ್ಡಿನೊಳಗೆ ನೀಲಿ ಬಲೆಯ ಗುಡ್ಡ,
ನಡುವೆ ಶೀನ ಕುಂದರ್, ನನ್ನಮ್ಮನ ಅಣ್ಣ,
ನೂಲಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು.
ನಾನು ಮಣಿಪಾಲದಿಂದ ಹತ್ತೂವರೆ ಬಸ್ಸಿಗೆ ಬಂದವಳು,
ಚೀಲದಲ್ಲಿ ಒಂದು ದಪ್ಪ ಬಿಳಿ ಕಾಗದ, ಒಂದು ಸೂಜಿ.

ಅಕ್ಕನ ಮಗುವಿಗೆ ಇಂದಿಗೆ ಮೂವತ್ತೊಂದು ದಿನ.
ಬಲಗೈಯಲ್ಲಿ ಹೆಬ್ಬೆರಳಿಗೆ ಒತ್ತಿಕೊಂಡು ಇನ್ನೊಂದು,
ಉಗುರೂ ಉಂಟು, ಅಕ್ಕಿಕಾಳಿನಷ್ಟು.
ಅದೃಷ್ಟ, ಎಂದರು ಪಕ್ಕದ ಹಾಸಿಗೆಯವರು.
ವರ್ಷ ತುಂಬಿದ ಮೇಲೆ ತೆಗೆಯುವ, ಎಂದರು ಡಾಕ್ಟರು.
ನಿನ್ನ ಮಾವನ ಕೈ, ಎಂದಳು ಅಮ್ಮ,
ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಜಿ ತರಲು ಹೋದಳು.
ನಮ್ಮಲ್ಲಿ ಬಳಿ ಬರುವುದು ತಾಯಿಯ ಕಡೆಯಿಂದ;
ಬೆರಳೂ ಅದೇ ದಾರಿ ಹಿಡಿದಿರಬೇಕು,
ಅಮ್ಮನಲ್ಲಿ ಮುಖ ತೋರಿಸದೆ,
ಅಕ್ಕನ ಹೆಬ್ಬೆರಳನ್ನು ತುಸು ಅಗಲ ಮಾಡಿ ದಾಟಿ.

ಅಕ್ಕ ಮಾತ್ರ ರಾತ್ರಿ ಕೇಳಿದಳು, ಮಗುವಿನ ಕೈಗೆ ಬಟ್ಟೆ ಸುತ್ತುತ್ತ:
ಗ್ರಹಣದ ದಿನ ನಾನು ಮೀನು ಕೊಯ್ದದ್ದಕ್ಕಾ?

ಲ್ಯಾಬಿನಲ್ಲಿ ಯಂತ್ರಕ್ಕೆ ಕೊಟ್ಟು ನಾನೇ ಓದಿದೆ.
ಬೆರಳುಗಳ ಲೆಕ್ಕ ನೋಡುವ ಜೀನು
ಮೊದಲಿಂದ ಕೊನೆವರೆಗೆ ಒಂದಕ್ಷರ ತಪ್ಪಿಲ್ಲ.
ವರದಿಯ ಮೊದಲ ಪುಟ: ದೋಷವಿಲ್ಲ.
ಹಾಗಾದರೆ ಆ ಉಗುರು?

ಕಲಿಯುವಾಗ ನಮ್ಮ ಪುಸ್ತಕದಲ್ಲಿ ಉಳಿದದ್ದೆಲ್ಲ ಕಸ.
ನೂರರಲ್ಲಿ ತೊಂಬತ್ತೆಂಟು ಪಾಲು
ಯಾವ ಪ್ರೋಟೀನನ್ನೂ ಬರೆಯದ ಅಕ್ಷರ,
ಪರೀಕ್ಷೆಗೆ ಬಾರದ್ದು, ನಾವು ಪುಟ ಹಾರಿಸಿದ್ದು.
ಆ ಕಸದಲ್ಲೇ ಸಿಕ್ಕಿತು. ಹತ್ತು ಲಕ್ಷ ಅಕ್ಷರ ದೂರ,
ಯಾವುದೋ ಬೇರೆ ಜೀನಿನ ಮನೆಯೊಳಗೆ,
ಮನೆಯವರ ಸುದ್ದಿಗೆ ಹೋಗದೆ ಮೂಲೆಯಲ್ಲಿ ಕೂತ ಸ್ವಿಚ್ಚು.
ಅದರಲ್ಲಿ ಜಿ ಇರಬೇಕಾದಲ್ಲಿ ಎ. ಅಷ್ಟೇ.
ಕೈ ಇನ್ನೂ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇದ್ದ ವಾರಗಳಲ್ಲಿ
ಕಿರುಬೆರಳ ಬದಿಗಷ್ಟೇ ಉರಿಯಬೇಕಿದ್ದ ದೀಪ
ಹೆಬ್ಬೆರಳ ಬದಿಗೂ ಹೊತ್ತಿಕೊಂಡಿದೆ.

ಇದನ್ನು ತುಳುವಿನಲ್ಲಿ ಹೇಳುವುದು ಹೇಗೆ?
ಸ್ವಿಚ್ಚು ದೂರ ಉಂಟು ಮಾವ, ಎಂದೆ.
ಎಷ್ಟು ದೂರ?
ಜೀನು ಈ ಶೆಡ್ಡಿನಲ್ಲಿದ್ದರೆ, ಅದು ಕಾಪುವಿನ ದೀಪಸ್ತಂಭದಲ್ಲಿ.
ತಂತಿ?
ಇಲ್ಲ.
ಮಾವ ನಕ್ಕ; ನೂಲು ಬಾಯಿಂದ ಜಾರಿತು.
ಬಲೆಯ ಆಚೆ ತುದಿಯನ್ನು ಬರಬರ ಎಳೆದು ಮಡಚಿದ.
ಅಲ್ಲಿದ್ದ ಗಂಟು ಇಲ್ಲಿಯ ಗಂಟಿನ ಮೇಲೆ ಬಂದು ಕೂತಿತು.
ಹೀಗಾ?
ನನಗೆ ಎರಡು ವರ್ಷ ಹಿಡಿದಿತ್ತು.
ಹೀಗೇ, ಎಂದೆ.

ಮತ್ತೆ ಕಸ ಎಂದದ್ದು ಯಾವ ಬೇವಾರ್ಸಿ?
ಬಲೆಯಲ್ಲಿ ನೂಲೆಷ್ಟು, ಕಣ್ಣೆಷ್ಟು, ನೋಡು.
ಕಣ್ಣು ಅಂದರೆ ಏನೂ ಇಲ್ಲದ ಜಾಗ.
ಬಂಗುಡೆಯನ್ನು ಹಿಡಿಯುವುದು, ಮರಿಯನ್ನು ಬಿಡುವುದು ಅದೇ.
ಒಂದು ಕಣ್ಣು ಸೊಟ್ಟಗಾದರೆ...
ಮಾತು ಮುಗಿಸಲಿಲ್ಲ. ಸಾಲು ಮುಗಿಸಬೇಕಿತ್ತು.

ಕಾದೆ. ತಗಡಿನ ಮೇಲೆ ಕಾಗೆ ಅತ್ತಿತ್ತ ನಡೆಯಿತು.
ಪ್ರತಿ ಗಂಟಿಗೂ ನೂಲು ಆ ಎರಡು ಹೆಬ್ಬೆರಳ ಸಂದಿಗೆ ಬಂದು
ಒಮ್ಮೆ ನಿಂತು, ಅಳೆಸಿಕೊಂಡು, ಮುಂದೆ ಹೋಗುತ್ತಿತ್ತು.
ಪಕ್ಕದವರ ಕೈಯಲ್ಲಿ ಅದಕ್ಕೆಂದೇ ಬಿದಿರಿನ ಪಟ್ಟಿ.

ಕೊನೆಗೆ ಲುಂಗಿಗೆ ಕೈ ಒರೆಸಿ ಚಾಚಿದ.
ಈ ಸಣ್ಣದರಿಂದಲೇ ತೆಗೆ ರಕ್ತ.
ಅರವತ್ತೆರಡು ವರ್ಷ ಕೂತು ಉಂಡಿದೆ, ಒಂದು ಕೆಲಸ ಮಾಡಿಲ್ಲ.

ಹಿಡಿದೆ. ತುದಿಯೆಲ್ಲ ನೂಲು ಉಜ್ಜಿ ಉಜ್ಜಿ ಜಡ್ಡುಗಟ್ಟಿತ್ತು.
ಮೊದಲ ಸಲ ಸೂಜಿ ಇಳಿಯಲಿಲ್ಲ.